ಹೆಬ್ಬೆಟ್ಟು ಅಂದರೆ ಹಿಂದಕ್ಕೆ

ಅಣ್ಣ,

ಮೊನ್ನೆ ಭಾನುವಾರ ಕೊಪ್ಪದ ಮೈದಾನದಲ್ಲಿ ನೆಟ್ ಕಟ್ಟುವ ಮೊದಲೇ ಜಗಳ ಶುರುವಾಗಿತ್ತು. ನರಸಿಂಹರಾಜಪುರದ ವಾಲಿಬಾಲ್ ಪಂದ್ಯಕ್ಕೆ ಇನ್ನು ಹದಿನೈದೇ ದಿನ. ನೀನು ಹೋದಮೇಲೆ ನಮ್ಮ ಟೀಮಿಗೆ ಸರಿಯಾದ ಲಿಫ್ಟರ್ ಸಿಕ್ಕಿಲ್ಲ. ಹೊಡೆಯುವವರು ನಾಲ್ಕು ಜನ ಇದ್ದಾರೆ, ಅವರಿಗೆ ಚೆಂಡು ಎತ್ತಿ ಕೊಡುವವರಿಲ್ಲ. ಅದಕ್ಕೇ ಅಡ್ಡಗದ್ದೆಯ ಶೇಖರನನ್ನು ಕರೆಸುವುದೋ ಬೇಡವೋ ಎಂದು ಚರ್ಚೆ. ನಿನ್ನ ಶೇಖರ. ಹತ್ತು ವರ್ಷ ನಿನ್ನ ಬೆನ್ನ ಹಿಂದಿನಿಂದ ಹಾರಿ ಹೊಡೆದವನು, ಆಮೇಲೆ ಶೃಂಗೇರಿಯ ಟೀಮಿಗೆ ಹೋಗಿ ತಾನೇ ಲಿಫ್ಟರ್ ಆದವನು. ಈಗ ಅವನಿಗೆ ನಲವತ್ತೊಂದು. ಎಡ ಮಂಡಿಗೆ ಆಪರೇಷನ್ ಆಗಿದೆ. ಹೋದ ವರ್ಷವಿಡೀ ಆಡಿಲ್ಲ.

"ಅವನ ಮಂಡಿಗೆ ಗ್ಯಾರಂಟಿ ಕಾರ್ಡ್ ಇದ್ಯಾ ಮಾರಾಯ?" ಎಂದ ಪಂಪ್ ರಿಪೇರಿಯ ಸುಬ್ಬಣ್ಣ. "ಎರಡನೇ ಸೆಟ್ಟಿಗೆ ಕುಂಟ್ತಾನೆ. ಆಮೇಲೆ ನಾವೇ ಎತ್ಕೊಂಡು ಬರ್ಬೇಕು."

"ಎತ್ಕೊಂಡು ಬಂದ್ರಾಯ್ತು," ಎಂದ ಗೂಡ್ಸ್ ಆಟೋದ ನಾಗೇಶ. "ಒಂದು ಸೆಟ್ ಆದ್ರೂ ಅವನ ಕೈ ನೋಡ್ಬೇಕು. ನಮ್ಮ ಈಗಿನೋರು ಬಾಲ್ ಕೊಡೋದು ಹೆಂಗೆ ಹೇಳು? ಕೊರಿಯರಿನೋನು ಪಾರ್ಸೆಲ್ ಬಿಸಾಕಿದ ಹಂಗೆ."

"ನಿನ್ನ ಆಟೋಗೆ ಹಳೇ ಟೈರ್ ಹಾಕ್ಸ್ತೀಯಾ ನೀನು?"

"ಹಾಕ್ಸಿರೋದೇ ಹಳೇದು! ಬಂದು ನೋಡು ಬೇಕಾದ್ರೆ."

ಎಲ್ಲರೂ ನಕ್ಕರು. ಸ್ಕೋರರ್ ಮೇಜಿನ ಹಿಂದೆ ಕೂತಿದ್ದ ನಾನೂ ನಕ್ಕೆ. ಆಗ ಸುಬ್ಬಣ್ಣ ನನ್ನ ಕಡೆ ತಿರುಗಿದ. "ಅಕ್ಕ, ನೀವೇ ಹೇಳಿ. ಹೋದ ಸಲ ಅಣ್ಣನ ವಿಷಯದಲ್ಲಿ ನೀವು ನಮ್ಮ ಕಡೆನೇ ಇದ್ರಲ್ಲ." ಅವನು ಚುಚ್ಚಲು ಹೇಳಲಿಲ್ಲ. ಸಹಜವಾಗಿ ಹೇಳಿದ. ಚುಚ್ಚಲು ಹೇಳಿದ್ದರೆ ನಾನೂ ಏನಾದರೂ ತಿರುಗಿ ಅನ್ನಬಹುದಿತ್ತು. ಸಂಜೆ ಹೇಳುತ್ತೇನೆ ಎಂದು ಎದ್ದು ಬಂದೆ.

ಹೋದ ವರ್ಷದ ಆ ಸಂದೇಶ ನಿನಗೆ ನೆನಪಿದೆಯೆ? ಫೋನಿನಲ್ಲಿ, ನೀನೂ ಇದ್ದ ಟೀಮಿನ ಗ್ರೂಪಿಗೆ ಸುಬ್ಬಣ್ಣ ಉದ್ದಕ್ಕೆ ಬರೆದಿದ್ದ. ಅಣ್ಣನಿಗೆ ನಲವತ್ತಮೂರಾಯಿತು, ಭುಜ ಎರಡು ಸಲ ಕಳಚಿದೆ, ಮಂಡಿ ಬಾತಿದೆ, ನಮಗೆಲ್ಲ ಅವನ ಮೇಲೆ ಗೌರವ ಇದ್ದೇ ಇದೆ... ಹೀಗೆ. ಆಫೀಸಿನ ಊಟದ ಹೊತ್ತಿನಲ್ಲಿ ಅರ್ಧ ಓದಿ ಅದಕ್ಕೆ ಹೆಬ್ಬೆಟ್ಟಿನ ಚಿತ್ರ ಒತ್ತಿದೆ. ನಮ್ಮ ಆಫೀಸಿನಲ್ಲಿ ಹೆಬ್ಬೆಟ್ಟು ಎಂದರೆ 'ನೋಡಿದೆ' ಎಂದಷ್ಟೇ ಅರ್ಥ. ದಿನಕ್ಕೆ ಇಪ್ಪತ್ತು ಸಲ ಒತ್ತುತ್ತೇನೆ. 'ಈ ಸಲ ಅವನನ್ನು ಆಡಿಸದೆ ಕೂರಿಸಲು ಒಪ್ಪುವವರು ಹೆಬ್ಬೆಟ್ಟು ಒತ್ತಿ' ಎಂಬ ಕೊನೆಯ ಸಾಲು 'ಮುಂದೆ ಓದಿ' ಎನ್ನುವುದರ ಕೆಳಗೆ ಮಡಿಸಿಕೊಂಡಿತ್ತು.

ಸಂಜೆ ಗೊತ್ತಾಯಿತು. ಒತ್ತಿದ್ದನ್ನು ತೆಗೆಯಬಹುದಿತ್ತು, ಒಂದು ಬೆರಳಿನ ಕೆಲಸ. ನಾನು ತೆಗೆಯಲಿಲ್ಲ. ಯಾಕೆ ತೆಗೆಯಲಿಲ್ಲ ಎಂದು ಈ ಒಂದು ವರ್ಷ ನನ್ನನ್ನೇ ಕೇಳಿಕೊಂಡಿದ್ದೇನೆ. ಎರಡನೇ ಸಲ ನಿನ್ನ ಭುಜ ಕಳಚಿದಾಗ ಆಸ್ಪತ್ರೆಯ ಬೆಂಚಿನ ಮೇಲೆ ನೀನು ಹಲ್ಲು ಕಚ್ಚಿಕೊಂಡು ಬೆವರುತ್ತಿದ್ದುದನ್ನು ನೋಡಿ, ಇನ್ನು ಸಾಕು ಎಂದುಕೊಂಡಿದ್ದೆನಲ್ಲ. ನಿನ್ನ ಮುಂದೆ ಹೇಳಲು ಧೈರ್ಯವಿಲ್ಲದ್ದನ್ನು ಆ ತಪ್ಪು ನನ್ನ ಪರವಾಗಿ ಹೇಳಲಿ ಎಂದು ಬಿಟ್ಟುಬಿಟ್ಟೆನೆ? ಹಾಗಿದ್ದರೆ ಅದನ್ನು ತಪ್ಪು ಎನ್ನಬಹುದೆ?

ನಾನು ಆರನೇ ಕ್ಲಾಸಿನಲ್ಲಿದ್ದಾಗ ನೀನು ನನಗೆ ಬೆರಳಿನ ಭಾಷೆ ಕಲಿಸಿದ್ದೆ. ನನ್ನದು ಕಾನ್ವೆಂಟು, ನಿನ್ನದು ಸರ್ಕಾರಿ ಶಾಲೆ. ನನ್ನ ಇಂಗ್ಲಿಷ್ ಕೇಳಿ ನೆಂಟರು ತಲೆದೂಗಿದ ದಿನ, "ನಂಗೂ ಒಂದು ಭಾಷೆ ಬರ್ತದೆ, ನಿಂಗೆ ಬರಲ್ಲ," ಎಂದು ಬಟ್ಟೆ ಒಣಹಾಕುವ ಹಗ್ಗದ ಎದುರು ನನ್ನನ್ನು ನಿಲ್ಲಿಸಿದ್ದೆ. ಎದುರು ಟೀಮಿಗೆ ಕಾಣದ ಹಾಗೆ ಬೆನ್ನ ಹಿಂದೆ ಕೈ. ಒಂದು ಬೆರಳೆಂದರೆ ಮುಂದೆಯೇ ಗಿಡ್ಡ ಚೆಂಡು. ಎರಡೆಂದರೆ ಎಡತುದಿಗೆ ಎತ್ತರದ್ದು. ಹೆಬ್ಬೆಟ್ಟೆಂದರೆ ತಲೆಯ ಮೇಲಿನಿಂದ ಹಿಂದಕ್ಕೆ. "ಹೆಬ್ಬೆಟ್ಟು ಕಂಡ್ರೆ ಓಡ್ಬೇಕು ಪುಟ್ಟಿ. ನಾನು ನಿನ್ನ ನೋಡಲ್ಲ, ನನ್ನ ಮುಖ ಆಚೆ ಇರ್ತದೆ. ಆದ್ರೂ ಬಾಲ್ ನಿಂಗೇ. ಡೌಟ್ ಪಡ್ಬಾರ್ದು." ನಾನು ಪ್ರತಿ ಸಲವೂ ಅನುಮಾನಪಟ್ಟು ಅರ್ಧಕ್ಕೆ ನಿಲ್ಲುತ್ತಿದ್ದೆ. ಚೆಂಡು ಬಂದು ನನ್ನ ಮುಂದೆ ಬೀಳುತ್ತಿತ್ತು. ಹಾಗಾಗಿಯೇ ಅಲ್ಲವೆ ನಾನು ಆಟಗಾರ್ತಿಯಾಗದೆ ಸ್ಕೋರರ್ ಆಗಿದ್ದು?

ನಿನ್ನನ್ನು ಕೂರಿಸಿದ ಆ ಪಂದ್ಯದ ದಿನ ನೀನು ಕೂರಲಿಲ್ಲ. ನರಸಿಂಹರಾಜಪುರಕ್ಕೆ ಬಂದು, ಇಡೀ ಆಟ ನನ್ನ ಮೇಜಿನ ಹಿಂದೆ ನಿಂತೇ ಇದ್ದೆ. ನೀನು ಭುಜಕ್ಕೆ ಹಚ್ಚುವ ಮುಲಾಮಿನ ವಾಸನೆ ಬರುತ್ತಿತ್ತು. ಆಡಲು ಇಲ್ಲವೆಂದು ಗೊತ್ತಿದ್ದೂ ಹಚ್ಚಿಕೊಂಡು ಬಂದಿದ್ದೆ. ನಮ್ಮವರು ಸೋಲುತ್ತಿದ್ದರು. ನೀನು ಬಾಯಿ ಬಿಟ್ಟಿದ್ದು ಒಂದೇ ಸಲ: "ಹದಿನಾರಲ್ಲ ಪುಟ್ಟಿ, ಹದಿನೇಳು." ನಾನು ತಿದ್ದಿಕೊಂಡೆ. ತಿರುಗಿ ನಿನ್ನ ಮುಖ ನೋಡಲಿಲ್ಲ. ನೋಡಿದ್ದರೆ ಏನು ಕಾಣುತ್ತಿತ್ತೋ...

ಅದಾಗಿ ಇಪ್ಪತ್ತು ದಿನಕ್ಕೆ, ಬೆಳಗಿನ ಶೃಂಗೇರಿ ಬಸ್ಸಿನ ಡ್ಯೂಟಿಗೆ ಹೊರಟು, ಕಂಡಕ್ಟರ್ ಬ್ಯಾಗು ಹೆಗಲಿಗೇರಿಸಿ ಚಪ್ಪಲಿ ಹಾಕಿಕೊಳ್ಳಲು ಮೆಟ್ಟಿಲ ಮೇಲೆ ಕೂತವನು ನೀನು ಮತ್ತೆ ಏಳಲಿಲ್ಲ. ಹೃದಯ ಎಂದರು ಡಾಕ್ಟರು. ಮಂಡಿ ನೋಡಿದೆವು, ಭುಜ ನೋಡಿದೆವು, ಅದರ ವಿಷಯ ಯಾರಿಗೂ ಗೊತ್ತಿರಲಿಲ್ಲ. ಆಡಿದ್ದರೆ ಅಲ್ಲೇ ಹೋಗುತ್ತಿದ್ದೆಯೋ ಏನೋ ಎಂದು ಜನ ನನಗೆ ಸಮಾಧಾನ ಹೇಳುತ್ತಾರೆ. ನನಗೆ ಮಾತ್ರ ಅದು, ಕೊನೆಯ ಆಟ ಆಡಿಯಾದರೂ ಹೋಗುತ್ತಿದ್ದೆ ಎಂದು ಕೇಳಿಸುತ್ತದೆ. ಅಂದಿನಿಂದ ಸ್ಕೋರ್ ಹದಿನಾರಕ್ಕೆ ಬಂದರೆ ನನ್ನ ಪೆನ್ನು ನಿಲ್ಲುತ್ತದೆ. ಹಿಂದಿನಿಂದ ಆ ಮುಲಾಮಿನ ವಾಸನೆ. ಒಮ್ಮೆ ರೆಫ್ರಿ ಆಟ ನಿಲ್ಲಿಸಿ, "ಏನಾಯ್ತು ಮೇಡಂ?" ಎಂದು ಕೇಳಿದರು.

ಮೊನ್ನೆ ಮೈದಾನದಿಂದ ಬಂದವಳೇ, ಒಂದು ವರ್ಷದಿಂದ ಮುಟ್ಟದಿದ್ದ ಆ ಸಂದೇಶ ಹುಡುಕಿದೆ. ನನ್ನ ಹೆಬ್ಬೆಟ್ಟನ್ನು ಈಗಲಾದರೂ ತೆಗೆಯೋಣ ಎಂದಿತ್ತು. ಒತ್ತಿದವರ ಹೆಸರುಗಳು ತೆರೆದುಕೊಂಡವು. ಮೇಲೆ ನನ್ನದು. ಅದರ ಕೆಳಗೆ 'ಅಣ್ಣ' ಎಂದಿತ್ತು.

ಸೀದಾ ಅತ್ತಿಗೆಯ ಹತ್ತಿರ ಹೋಗಿ ಆ ಸಂದೇಶದ ವಿಷಯ ಕೇಳಿದೆ. ಅಕ್ಕಿ ಆರಿಸುತ್ತಿದ್ದರು, ತಲೆ ಎತ್ತಲಿಲ್ಲ.

"ಅದಾ? ನಿಮ್ಮಣ್ಣ ನಂಗೆ ತೋರ್ಸಿದ್ರಲ್ಲ. 'ನೋಡೇ, ಪುಟ್ಟಿ ಹೆಬ್ಬೆಟ್ಟು ತೋರ್ಸಿದಾಳೆ' ಅಂತ ನಕ್ರು. ಆಮೇಲೆ ತಾವೂ ಒತ್ತಿದ್ರು."

"ಹೇಗೆ ನಕ್ಕಿದ್ದು ಅತ್ತಿಗೆ?"

"ನಗು ಅಂದ್ರೆ ನಗು. ಅದ್ರಲ್ಲಿ ಹೇಗೆ ಎಂತದು ಮಾರಾಯ್ತಿ?"

ಅಂದರೆ ನನ್ನ ಹೆಬ್ಬೆಟ್ಟನ್ನು ನೀನು ನೋಡಿದ್ದೆ. ನೋಡಿಯೂ ನನ್ನ ಹಿಂದೆ ಬಂದು ನಿಂತಿದ್ದೆ. ತಂಗಿಯೇ ಬೇಡ ಅಂದಮೇಲೆ ಇನ್ನೇನು ಎಂದು ಒತ್ತಿದೆಯೋ, ಅಥವಾ ನಿನ್ನ ಭಾಷೆಯಲ್ಲಿ ಓದಿಕೊಂಡೆಯೋ? ಪುಟ್ಟಿ ಮುಖ ಆಚೆ ಮಾಡಿದ್ದಾಳೆ, ಆದರೂ ಚೆಂಡು ನನಗೇ ಎಂದು? ಹಾಗಿದ್ದರೆ ನೀನು ತಿರುಗಿ ತೋರಿಸಿದ ಹೆಬ್ಬೆಟ್ಟು ನನಗೆ ಬಂದ ಚೆಂಡು. ನಾನು ಈ ಸಲವೂ ಅರ್ಧಕ್ಕೇ ನಿಂತಿದ್ದೆ. ಯಾವುದು ನಿಜ ಎಂದು ನೀನಂತೂ ಹೇಳುವುದಿಲ್ಲ.

ಸಂಜೆ ಮೈದಾನಕ್ಕೆ ಹೋಗಿ ಎಲ್ಲರೆದುರು ಬಾಯಲ್ಲೇ ಹೇಳಿದೆ. "ಶೇಖರನ ಮಂಡಿ ಅವನದ್ದು. ಅವನನ್ನೇ ಕೇಳಿ. ಡಾಕ್ಟರ್ ಏನು ಹೇಳಿದ್ದಾರೆ ಅಂತಾನೂ ಕೇಳಿ. ಹೋದ ಸಲ ನಾವೆಲ್ಲ ಅಣ್ಣನ ಬಗ್ಗೆ ಮಾತಾಡಿದ್ವಿ. ಅಣ್ಣನ ಹತ್ರ ಯಾರೂ ಮಾತಾಡ್ಲಿಲ್ಲ. ನಾನೂ ಮಾತಾಡ್ಲಿಲ್ಲ." ಸುಬ್ಬಣ್ಣ ನೆಲ ನೋಡಿದ. ಆಮೇಲೆ, "ಫೋನ್ ಹಾಕನಾ," ಎಂದು ನಾಗೇಶನಿಗೆ ಹೇಳಿದವನೂ ಅವನೇ.

ಸ್ಪೀಕರಿನಲ್ಲಿ ಶೇಖರ ಸಿಕ್ಕಿದ. ಡಾಕ್ಟರು ಒಂದು ಸೆಟ್ ಆಡಬಹುದು ಎಂದಿದ್ದಾರಂತೆ, ಒಂದೇ. ಬರುತ್ತಾನಂತೆ. ಕೊನೆಗೆ, "ಅಕ್ಕ ಇದ್ದಾರಾ ಅಲ್ಲಿ?" ಎಂದ.

"ಇದೀನಿ ಶೇಖರ."

"ಕೊಪ್ಪದಲ್ಲಿ ಹೆಬ್ಬೆಟ್ಟು ಅಂದ್ರೆ ಈಗ್ಲೂ ಹಿಂದಕ್ಕೇನಾ ಅಕ್ಕ? ಬದ್ಲಾಯ್ಸಿದೀರಾ?"

"ಇಲ್ಲ," ಎಂದೆ. "ಹಿಂದಕ್ಕೇ."

ಇದು ನೀನು ಕೇಳದ ಸುದ್ದಿ ಅಣ್ಣ. ನನ್ನ ಹೆಬ್ಬೆಟ್ಟನ್ನು ತೆಗೆಯಲಿಲ್ಲ. ಅದನ್ನು ತೆಗೆದರೆ ಅಲ್ಲಿ ನಿನ್ನದು ಒಂಟಿಯಾಗುತ್ತದೆ. ನರಸಿಂಹರಾಜಪುರದಲ್ಲಿ ಮೇಜನ್ನು ಗೋಡೆಗೆ ಒತ್ತಿ ಹಾಕುತ್ತಾರೆ. ಈ ಸಲ ನಾನೇ ಎರಡು ಹೆಜ್ಜೆ ಮುಂದೆ ಹಾಕಿಸುತ್ತೇನೆ, ಹಿಂದೆ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟು. ಹದಿನಾರಕ್ಕೆ ಬಂದಾಗ ತಿರುಗಿ ನೋಡುವುದಿಲ್ಲ. ಹದಿನೇಳು ಬರೆಯುತ್ತೇನೆ.

ನಿನ್ನ
ಪುಟ್ಟಿ