ದಾಖಲಾತಿ ಸಂಖ್ಯೆ ೪೧೩

ಟೇಕಲ್
೧೮ ನವೆಂಬರ್ ೨೦೨೫, ಮಂಗಳವಾರ

ಚಿರಂಜೀವಿ ಶಿವಶಂಕರನಿಗೆ ಅಕ್ಕನ ಆಶೀರ್ವಾದ.

ಮೊನ್ನೆ ಭಾನುವಾರ, ನವೆಂಬರ್ ಹದಿನಾರರಂದು, ಮಾಲೂರಿನ ಪ್ರೆಸ್ಸಿನಲ್ಲಿ ಕುಳಿತು ನೀನು ನನ್ನ ಲೇಖನದ ಕೊನೆಯ ಎರಡು ಪ್ಯಾರಾಗಳನ್ನು ಕತ್ತರಿಸಿದೆ. ನನ್ನನ್ನು ಒಂದು ಮಾತು ಕೇಳಲಿಲ್ಲ. ಇದನ್ನು ಮೊದಲು ಬರೆದಿಟ್ಟು ಆಮೇಲೆ ನಿನ್ನ ಆರೋಗ್ಯ ವಿಚಾರಿಸುತ್ತಿದ್ದೇನೆ. ಆರೋಗ್ಯದಿಂದ ಶುರುಮಾಡಿದರೆ ನನ್ನ ಸಿಟ್ಟು ಇಳಿದುಬಿಡುತ್ತದೆ. ಚಿಕ್ಕಂದಿನಿಂದ ನಿನಗೆ ಅದೇ ಅನುಕೂಲ. ಶುಗರ್ ಹೇಗಿದೆ? ನಿನ್ನ ಹೆಂಡತಿ ಶ್ವೇತಳ ಮಂಡಿನೋವು ಕಡಿಮೆಯಾಯಿತೇ? ಹರಳೆಣ್ಣೆ ಬಿಸಿಮಾಡಿ ಹಚ್ಚಲು ಹೇಳಿದ್ದೆ, ಹಚ್ಚಿರಲಾರಳು. ನೀನು ಕೋಲಾರದಲ್ಲಿರುವುದು, ಇಲ್ಲಿಗೆ ಒಂದು ಗಂಟೆಯ ದಾರಿ. ನೀನು ಬರುವುದಿಲ್ಲ, ಫೋನ್ ಮಾಡಿದರೆ ಎತ್ತುವುದಿಲ್ಲ. ಆದ್ದರಿಂದ ಕಾಗದ. ಕಾಗದವನ್ನು ಅರ್ಧಕ್ಕೆ ಕಟ್ ಮಾಡುವ ಗುಂಡಿಯನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲ.

ನಮ್ಮೂರ ಶಾಲೆಗೆ ನೂರು ವರ್ಷ ತುಂಬಿತು ಎಂದು ಸ್ಮರಣ ಸಂಚಿಕೆ ತರಲು ಹೊರಟವನು ನೀನು, ಸಮಿತಿಯ ಅಧ್ಯಕ್ಷ. "ಮೂವತ್ತು ವರ್ಷ ಹೈಸ್ಕೂಲಲ್ಲಿ ಇತಿಹಾಸ ಪಾಠ ಮಾಡಿದೀಯ, ಏನಾದ್ರೂ ದೊಡ್ಡದು ಬರೆದ್ಕೊಡು ಅಕ್ಕಾ" ಎಂದು ಕೇಳಿದವನೂ ನೀನೇ. ದೊಡ್ಡದನ್ನೇ ಬರೆದೆ. ಗುಲಾಮಗಿರಿಯ ಜಗಳ ಅಮೆರಿಕವನ್ನು ಹೇಗೆ ಮೆಲ್ಲಮೆಲ್ಲನೆ ಅಂತರ್ಯುದ್ಧಕ್ಕೆ ನೂಕಿತು ಎಂದು ಆರು ಪುಟ, ಕೊನೆಯಲ್ಲಿ ನಮ್ಮ ಮನೆಯ ಬಗ್ಗೆ ಎರಡು ಪ್ಯಾರಾ. ನಿನ್ನೆ ಕರಡು ನೋಡಿದೆ. ಆರು ಪುಟ ಹಾಗೆಯೇ ಇವೆ. ಎರಡು ಪ್ಯಾರಾ ಇದ್ದ ಜಾಗದಲ್ಲಿ ಟೊಮೇಟೊ ಸಸಿ ಮಾರುವ ನರ್ಸರಿಯ ಜಾಹೀರಾತಿದೆ. ನಿನ್ನ ಕಾರ್ಯದರ್ಶಿ ಚನ್ನರಾಯಪ್ಪನನ್ನು ಕೇಳಿದರೆ, "ಪೇಜು ಸಾಲ್ಲಿಲ್ಲ ಮೇಡಂ" ಎಂದು ಚಾವಣಿ ನೋಡಿದ. ಅದೇ ಸಂಚಿಕೆಯಲ್ಲಿ ನಿನ್ನ ಫೋಟೊ ನಾಲ್ಕು ಕಡೆ ಇದೆ. ಅದಕ್ಕೆಲ್ಲ ಪೇಜು ಸಾಕಾಗಿದೆ. ನೀನು ಫೋನ್ ಎತ್ತಿದ ಕೊನೆಯ ಸಲ ಹೇಳಿದ ಮಾತು ನನ್ನ ಕಿವಿಯಲ್ಲೇ ಇದೆ: "ಅಮೆರಿಕಾದ್ದು ಎಷ್ಟು ಬೇಕಾದ್ರೂ ಬರ್ಕೊ ಅಕ್ಕಾ, ಯಾರು ಬೇಡ ಅಂತಾರೆ? ಊರಿಂದು ಯಾಕೆ ಕೆದಕ್ತೀಯ? ಎಲ್ಲಾ ಚೆನ್ನಾಗಿದೀವಲ್ಲ."

ಆ ಆರು ಪುಟವನ್ನಾದರೂ ಓದಿದೆಯಾ ಶಿವು? ಆ ದೇಶ ಹಾಳಾದದ್ದೇ "ಎಲ್ಲಾ ಚೆನ್ನಾಗಿದೀವಲ್ಲ" ಎಂಬ ಮಾತಿನಿಂದ. ಸಂವಿಧಾನ ಬರೆಯುವಾಗ ಗುಲಾಮ ಎಂಬ ಪದವನ್ನೇ ಬಳಸದೆ, ದುಡಿಮೆಗೆ ಕಟ್ಟುಬಿದ್ದ ವ್ಯಕ್ತಿ ಎಂದು ಬರೆದು ಕೈತೊಳೆದುಕೊಂಡರು. ೧೮೨೦ರಲ್ಲಿ ಪಶ್ಚಿಮದ ಹೊಸ ನೆಲದ ನಕ್ಷೆಯ ಮೇಲೆ ಒಂದು ಗೆರೆ ಎಳೆದು, ಇದರ ಉತ್ತರಕ್ಕೆ ಗುಲಾಮಗಿರಿ ಬೇಡ, ದಕ್ಷಿಣಕ್ಕೆ ಇರಲಿ ಎಂದು ರಾಜಿಯಾದರು. ೧೮೩೬ರಲ್ಲಿ ಅವರ ಕೆಳಮನೆ ಒಂದು ನಿಯಮವನ್ನೇ ಮಾಡಿತು: ಗುಲಾಮಗಿರಿಯ ಬಗ್ಗೆ ಯಾರು ಅರ್ಜಿ ಕೊಟ್ಟರೂ ಚರ್ಚೆಯಿಲ್ಲದೆ ಬದಿಗಿಡತಕ್ಕದ್ದು. ಎಂಟು ವರ್ಷ ಹಾಗೆ ನಡೆಯಿತು. ಅಲ್ಲಿಯವರೆಗೆ ಗುಲಾಮರ ಗೊಡವೆಯೇ ಬೇಡ ಎಂದಿದ್ದ ಉತ್ತರದವರೂ, ಇವತ್ತು ಅವರ ಬಾಯಿ ಮುಚ್ಚಿಸಿದವರು ನಾಳೆ ನಮ್ಮದನ್ನು ಬಿಡುತ್ತಾರೆಯೇ ಎಂದು ಕೇಳತೊಡಗಿದರು. ೧೮೫೦ರ ಕಾನೂನು, ಓಡಿಬಂದ ಗುಲಾಮನನ್ನು ಹಿಡಿದುಕೊಡಲು ದಾರಿಹೋಕನೂ ಕೈಜೋಡಿಸಬೇಕು ಎಂದಿತು. ೧೮೫೪ರಲ್ಲಿ ಹಳೆಯ ಗೆರೆಯನ್ನು ಅಳಿಸಿ, ಅಲ್ಲಿ ನೆಲೆಸಿದವರೇ ಓಟು ಹಾಕಿ ತೀರ್ಮಾನಿಸಲಿ ಎಂದರು. ಓಟಿಗೆ ಮುಂಚೆ ಬಂದೂಕು ಬಂತು. ೧೮೫೬ರಲ್ಲಿ ಗುಲಾಮಗಿರಿಯ ವಿರುದ್ಧ ಮಾತಾಡಿದ ಸದಸ್ಯನನ್ನು ಮೇಲ್ಮನೆಯೊಳಗೇ ದಕ್ಷಿಣದವನೊಬ್ಬ ಬೆತ್ತದಿಂದ ರಕ್ತ ಬರುವಂತೆ ಬಡಿದ. ಬಡಿದವನಿಗೆ ಅವನ ಕಡೆಯ ಜನ ಹೊಸ ಬೆತ್ತಗಳನ್ನು ಉಡುಗೊರೆ ಕಳಿಸಿದರು. ಮರುವರ್ಷ ದೊಡ್ಡ ಕೋರ್ಟು, ಬಿಳಿಯನು ಮನ್ನಿಸಬೇಕಾದ ಯಾವ ಹಕ್ಕೂ ಕರಿಯನಿಗಿಲ್ಲ ಎಂದಿತು. ೧೮೬೧ಕ್ಕೆ ಫಿರಂಗಿ ಸಿಡಿಯಿತು, ಆರು ಲಕ್ಷಕ್ಕೂ ಹೆಚ್ಚು ಜನ ಸತ್ತರು. ಮಾತಾಡಿದ್ದರಿಂದ ಒಡೆದ ದೇಶವಲ್ಲ ಅದು. ಒಂದೊಂದು ಸಲ ಮಾತು ಮುಚ್ಚಿದಾಗಲೂ ಒಂದೊಂದು ಗೇಣು ಬಿರುಕು ಬಿಟ್ಟ ದೇಶ. ಮಾತು ಬೇಡ ಎಂಬ ಆ ನಿಯಮದ ಬಗ್ಗೆ ಬರೆದ ಲೇಖನಕ್ಕೇ ನೀನು ಆ ನಿಯಮ ಹಾಕಿದೆ. ಆ ನಿಯಮದ ಪ್ಯಾರಾವನ್ನೇನೋ ಜೋಪಾನವಾಗಿ ಉಳಿಸಿದ್ದೀಯ, ಕಾಗುಣಿತ ಕೂಡ ತಿದ್ದಿದ್ದೀಯ. ಜಿಲ್ಲಾ ಮಟ್ಟದ ಅಧಿಕಾರಿಯಾಗಿ ನಿವೃತ್ತನಾದವನ ಬುದ್ಧಿ ಎಂದರೆ ಇದು. ಬೆಂಕಿ ಬಿದ್ದರೆ ಏನು ಮಾಡಬೇಕು ಎಂಬ ಸೂಚನಾಫಲಕವನ್ನು ಹೊರಗೆ ತಂದು, ಒಳಗಿದ್ದವರ ಮೇಲೆ ಬಾಗಿಲು ಹಾಕುವ ಬುದ್ಧಿ.

ನೀನು ಕತ್ತರಿಸಿದ್ದನ್ನು ಮತ್ತೆ ಬರೆಯುತ್ತೇನೆ, ಕೇಳಿಸಿಕೋ. ಕದಿರಪ್ಪನೂ ನೀನೂ ಒಂದೇ ದಿನ ಶಾಲೆಗೆ ಸೇರಿದವರು, ೧೯೬೪ರ ಜೂನ್‌ನಲ್ಲಿ. ಒಂದೇ ಮಣೆಯ ಮೇಲೆ ಮೂರು ವರ್ಷ ಕೂತಿರಿ. ೧೯೬೭ರಲ್ಲಿ ಅವನಪ್ಪ ತೀರಿಹೋದ. ಯಾವುದೋ ಹಳೆಯ ಸಾಲದ ಹೆಸರು ಹೇಳಿ ಆ ಯುಗಾದಿಗೆ ನಮ್ಮಪ್ಪ ಆ ಮಗುವಿಗೆ ಒಂದು ಕಂಬಳಿ, ಒಂದು ಜೊತೆ ಮೆಟ್ಟು ಕೊಟ್ಟು ಜೀತಕ್ಕೆ ಇಟ್ಟುಕೊಂಡರು. ಮೆಟ್ಟು ಅವನ ಕಾಲಿಗೆ ದೊಡ್ಡದಾಗಿತ್ತು. ನೀನು ನಾಲ್ಕನೇ ಕ್ಲಾಸಿಗೆ ಹೋದೆ, ಅವನು ನಮ್ಮ ಎಮ್ಮೆಗಳ ಹಿಂದೆ ಬೆಟ್ಟಕ್ಕೆ ಹೋದ. ನಾನು ಕಾಲೇಜಿನಿಂದ ಬರುವ ದಿನ ಟೇಕಲ್ ಸ್ಟೇಷನ್ನಿನಲ್ಲಿ ಗಾಡಿ ಕಟ್ಟಿಕೊಂಡು ಕಾಯುತ್ತಿದ್ದವನು ಅವನು. ಅವನ ಬೆನ್ನು ನೋಡುತ್ತಾ ಮನೆಗೆ ಬಂದು, ಮಾನವ ಸಮಾನತೆಯ ಮೇಲೆ ಪ್ರಬಂಧ ಬರೆಯುತ್ತಿದ್ದೆ ನಾನು. ೧೯೭೬ರ ಬೇಸಿಗೆಯಲ್ಲಿ, ಜೀತ ರದ್ದಾದ ಮೇಲೆ, ತಾಲ್ಲೂಕಾಫೀಸಿನವರು ಪಟ್ಟಿ ಮಾಡಲು ಬರುತ್ತಾರೆಂದು ಗೊತ್ತಾಯಿತು. ಅಪ್ಪ ಹೇಳುತ್ತಾ ಹೋದರು, ನಾನು ಬರೆದೆ: "ನಾನು ಶ್ರೀನಿವಾಸಪ್ಪನವರ ಮನೆಯಲ್ಲಿ ಮನೆಮಗನಂತೆ ಸ್ವಂತ ಇಚ್ಛೆಯಿಂದ ಇರುತ್ತೇನೆ, ಜೀತಕ್ಕಲ್ಲ." ನನ್ನ ಅಕ್ಷರ ದುಂಡಗಿತ್ತು, ಎಲ್ಲರೂ ಹೊಗಳುತ್ತಿದ್ದರು. ಕದಿರಪ್ಪ ಓದಿ ನೋಡಿ, ರುಜು ಹಾಕಲು ನನ್ನ ಕೈಯಿಂದ ಪೆನ್ನು ತೆಗೆದುಕೊಂಡ. ಅಪ್ಪ, "ಏನ್ಲಾ, ರುಜು ಹಾಕೋ ಅಷ್ಟು ದೊಡ್ಡೋನಾದೆಯಾ? ಹೆಬ್ಬೆಟ್ಟು ಒತ್ತು" ಎಂದರು. ಬರೆಯಲು ಬರುತ್ತಿದ್ದ ಹತ್ತೊಂಬತ್ತು ವರ್ಷದ ಹುಡುಗ ಹೆಬ್ಬೆಟ್ಟು ಒತ್ತಿದ. ಬರೆದವಳು ನಾನು. ಇಂಕ್ ಪ್ಯಾಡು ಹಿಡಿದಿದ್ದವನು ನೀನು. ಆ ಕಾಗದದ ಬಲದಿಂದ ಅವನು ಇನ್ನೂ ಎರಡು ವರ್ಷ ನಮ್ಮ ಮನೆಯಲ್ಲಿ ಜೀತ ಮಾಡಿದ. ನೀನು ಕತ್ತರಿಸಿದ್ದು ಕದಿರಪ್ಪನ ದೂರನ್ನಲ್ಲ ಶಿವು, ಅವನು ಯಾರಿಗೂ ದೂರು ಕೊಟ್ಟವನಲ್ಲ. ನೀನು ಕತ್ತರಿಸಿದ್ದು ನನ್ನ ತಪ್ಪೊಪ್ಪಿಗೆಯನ್ನು.

ಕತ್ತರಿಸಿದ್ದು ಸಾಲದೆಂದು ಅಧ್ಯಕ್ಷರ ಮಾತಿನಲ್ಲಿ ಒಂದು ವಾಕ್ಯ ಸೇರಿಸಿದ್ದೀಯ: "ನಮ್ಮೂರಿನಲ್ಲಿ ಜೀತ ಎಂಬುದು ಎಂದೂ ಇರಲಿಲ್ಲ, ದುಡಿಯುವವರೂ ಮನೆಮಕ್ಕಳಂತೆಯೇ ಇದ್ದರು." ಮನೆಮಗನ ತಟ್ಟೆ ಕೊಟ್ಟಿಗೆಯ ಸೂರಿಗೆ ಸಿಕ್ಕಿಸಿರುತ್ತಿತ್ತಲ್ಲ, ಯಾಕೆ? ಮನೆಮಗ ನೀರು ಕೇಳಿದರೆ ಅಮ್ಮ ಎತ್ತರದಿಂದ ಬೊಗಸೆಗೆ ಹುಯ್ಯುತ್ತಿದ್ದಳಲ್ಲ, ಯಾಕೆ? ಅಮೆರಿಕದ ಹತ್ತಿ ತೋಟದ ಯಜಮಾನರೂ ಅವರು ನಮ್ಮ ಸಂಸಾರದವರು ಎಂದೇ ಹೇಳಿಕೊಳ್ಳುತ್ತಿದ್ದರು. ಅವರಿಗೆ ಆ ಸುಳ್ಳನ್ನು ಕಾಪಾಡಲು ಸೈನ್ಯ ಬೇಕಾಯಿತು. ನಿನಗೆ ಟೊಮೇಟೊ ಸಸಿ ಸಾಕಾಯಿತು.

ಹೋದ ವಾರ ಕದಿರಪ್ಪ ಅವರೆಕಾಯಿ ಹಿಡಿದುಕೊಂಡು ಮನೆಗೆ ಬಂದಿದ್ದ. ಹೆಂಚಿನ ಕಾರ್ಖಾನೆಯಲ್ಲಿ ದುಡಿದು ಸೊಂಟ ಬಗ್ಗಿದೆ, ನಗು ಬಗ್ಗಿಲ್ಲ. ಸಮಾರಂಭದ ದಿನ ಹಳೆಯ ವಿದ್ಯಾರ್ಥಿಗಳ ಹೆಸರನ್ನು ಹಾಜರಿಯಂತೆ ಕೂಗುತ್ತೀರಿ ಎಂದು ಯಾರೋ ಹೇಳಿದ್ದರಂತೆ. "ನಂದೂ ಕೂಗ್ತಾರಾ ಮೇಡಮ್ಮಾ? ಒಂದ್ಸಲ ಕೂಗಿದ್ರೆ ಸಾಕು. ಹಾಜರ್ ಸಾರ್ ಅನ್ನೋಕೆ ಐವತ್ತೆಂಟು ವರ್ಷದಿಂದ ಬಾಯಿ ಕಡೀತಾ ಐತೆ" ಎಂದ. ಜೀವಮಾನದಲ್ಲಿ ಅವನು ನಮ್ಮ ಮನೆಯವರನ್ನು ಕೇಳಿದ್ದು ಇದೊಂದೇ. ನಿನ್ನ ಸಮಿತಿಯ ನಿಯಮ ಹೇಳಬೇಕಾಯಿತು: ನಾಲ್ಕನೇ ಕ್ಲಾಸು ಮುಗಿಸದವರು ಪಟ್ಟಿಯಲ್ಲಿಲ್ಲ. ಅವನು ಅವರೆಕಾಯಿಯನ್ನು ನನ್ನ ಕಡೆ ಸರಿಸಿ, "ಬಾಗುಂದಮ್ಮಾ, ಚೆನ್ನಾಗೈತೆ. ಅರ್ಧಕ್ಕೆ ಬಿಡಿಸಿದೋರೇ ಅರ್ಧಕ್ಕೆ ಬಿಟ್ಟೋನು ಅಂತಾರೆ" ಎಂದು ನಕ್ಕ. ನನಗೆ ನಗು ಬರಲಿಲ್ಲ. ಪೆಂಡಾಲಿನ ಖರ್ಚು ಕೊಟ್ಟವನು ಎರಡನೇ ಕ್ಲಾಸಿಗೇ ಶಾಲೆ ಬಿಟ್ಟವನು. ಅವನ ಹೆಸರು ಮಾತ್ರ ದಪ್ಪಕ್ಷರದಲ್ಲಿದೆ. ನಿನ್ನ ನಿಯಮವೂ ಅಮೆರಿಕದ ಗೆರೆಯ ಹಾಗೆ, ಎಳೆದವನಿಗೆ ಬೇಕಾದ ಕಡೆ ಬಾಗುತ್ತದೆ.

ಸಾಕು, ಕೈ ನೋಯುತ್ತಿದೆ. ಶ್ವೇತಳಿಗೆ ಅವರೆಕಾಯಿಯಲ್ಲಿ ಅರ್ಧ ತೆಗೆದು ಈ ಕಾಗದದ ಜೊತೆಗೇ ಕಳಿಸುತ್ತಿದ್ದೇನೆ. ಯಾರು ಬೆಳೆದದ್ದು ಎಂದು ಹೇಳಿಯೇ ಕೊಡು. ಮಾತ್ರೆ ತಪ್ಪಿಸಬೇಡ, ರಾತ್ರಿ ಅನ್ನ ಬಿಟ್ಟು ಮುದ್ದೆ ಉಣ್ಣು. ನೀನು ನೂರು ವರ್ಷ ಬಾಳಬೇಕು ಎಂದೇ ಈಗಲೂ ನನ್ನ ಹಾರೈಕೆ. ತಲೆ ಎತ್ತಿಕೊಂಡು ಬಾಳು ಎಂಬುದಷ್ಟೇ ಹೊಸದಾಗಿ ಸೇರಿಸಿದ್ದು.

ನಿನ್ನ ಅಕ್ಕ,
ವೆಂಕಟರತ್ನಮ್ಮ

ಮ.ವಿ.: ಮರೆತಿದ್ದೆ ಎಂದು ಬರೆಯಲಾರೆ, ಇದನ್ನು ಹೇಳಲೆಂದೇ ಕಾಗದ ಹಿಡಿದದ್ದು. ನಿನ್ನೆ ಪ್ರೆಸ್ಸಿನಿಂದ ನೇರವಾಗಿ ಶಾಲೆಗೆ ಹೋಗಿದ್ದೆ. ಮುಖ್ಯೋಪಾಧ್ಯಾಯಿನಿ ಆಶಾರಾಣಿ ಹಳೆಯ ದಾಖಲಾತಿ ಪುಸ್ತಕ ತೆಗೆದು ತೋರಿಸಿದಳು. ಸಮಾರಂಭದ ದಿನ ಅದನ್ನು ಮೇಜಿನ ಮೇಲೆ ಎಲ್ಲರಿಗೂ ತೆರೆದಿಡುತ್ತಾಳಂತೆ. ಹೆದರುವವಳಲ್ಲ, ನಿನ್ನ ಫೋನನ್ನೂ ಎತ್ತಲಾರಳು. ಸಂಖ್ಯೆ ೪೧೨ ನೀನು. ೪೧೩ ಕದಿರಪ್ಪ. ಶಾಲೆ ಬಿಟ್ಟ ಕಾರಣ ಎಂಬ ಅಂಕಣದಲ್ಲಿ ನಮ್ಮ ಹಳೆಯ ಮೇಷ್ಟ್ರ ಅಕ್ಷರದಲ್ಲಿ ಹೀಗಿದೆ: "ಶ್ರೀನಿವಾಸಪ್ಪನವರ ಮನೆಗೆ ಜೀತ. ಎರಡು ಸಲ ಹೋಗಿ ಕೇಳಿದೆ. ಕಳಿಸಲಿಲ್ಲ." ಡಿಸೆಂಬರ್ ಹದಿನಾಲ್ಕರಂದು ಮೈಕು ನಿನ್ನ ಕೈಯಲ್ಲಿರುತ್ತದೆ. ೪೧೨ ಎಂದು ಓದಿ ನೀನೇ ಹಾಜರ್ ಅನ್ನುತ್ತೀಯ. ಅದರ ಮುಂದಿನದು ೪೧೪ ಅಲ್ಲ. ಕದಿರಪ್ಪ ಮೊದಲ ಸಾಲಿನಲ್ಲಿ ನನ್ನ ಪಕ್ಕ ಕೂತಿರುತ್ತಾನೆ. ನೀನು ಅವನನ್ನು ದಾಟಿದರೆ ನಾನು ಎದ್ದು ನಿಲ್ಲುತ್ತೇನೆ. ಅವನ ಹೆಸರು ಕೂಗು. ಅವನು ಹಾಜರ್ ಸಾರ್ ಎಂದ ಮೇಲೆ, ಮೂರನೇ ಕ್ಲಾಸಿನ ಪರೀಕ್ಷೆ ಬರೆಯದೆ ಅವನು ಯಾರ ಮನೆಗೆ ಹೋದ, ಯಾತಕ್ಕೆ ಹೋದ ಎಂಬುದನ್ನು ಅದೇ ಮೈಕಿನಲ್ಲಿ ಊರಿಗೆ ಹೇಳು.