ಮೋಟರಿನ ನೀರು ಸಣ್ಣಗಾದ ಮೇಲೆ

ಅದ್ರಾಮಾಕನಿಗೆ ಜತ್ತಪ್ಪನ ಸಲಾಂ.

ಕುಮಾರಧಾರೆಯಲ್ಲಿ ಮಳೆನೀರು ಇಳಿದಿದೆ. ದೋಣಿ ಕಟ್ಟುವ ಕಡವಿನಲ್ಲಿ ಈಗ ನಾನೊಬ್ಬನೇ. ದೋಣಿಯ ಹಗ್ಗ ಬಿಚ್ಚುವಾಗ "ಎಂತ ಮಾರಾಯ, ಚಾ ಆಯ್ತಾ?" ಎಂದು ನೀವು ಕೇಳುತ್ತಿದ್ದಿರಲ್ಲ, ಆ ಹೊತ್ತಿಗೆ ಈಗಲೂ ಉತ್ತರ ಬಾಯಿಯವರೆಗೆ ಬರುತ್ತದೆ. ಯಾರಿಗೆ ಹೇಳಲಿ?

ಮಂಗಳೂರಿನ ಮೀನುದೋಣಿಗಳ ಧಕ್ಕೆಯಿಂದ ಹಳೇ ಮೋಟರನ್ನು ಜೀಪಿನಲ್ಲಿ ಹೇರಿಕೊಂಡು ಬಂದಿದ್ದಿರಿ. ದೋಣಿಯ ಹಿಂದೆ ಕೂರಿಸಿ, ಚಾಲು ಮಾಡಿ, ಪಕ್ಕದ ತೂತಿನಿಂದ ಚಿಮ್ಮುವ ನೀರನ್ನು ತೋರಿಸಿದಿರಿ. "ಹೊಳೆ ನೀರೇ ಒಳಗೆ ಹೋಗಿ ಇದನ್ನು ತಂಪು ಮಾಡುದು. ಈ ಧಾರೆ ಸಣ್ಣ ಆದ್ರೆ ಕೂಡಲೇ ಬಂದ್ ಮಾಡು" ಎಂದಿರಿ.

ನೀವು ತೀರಿಹೋದ ಮೇಲಿನ ಮೊದಲ ಮಳೆಗಾಲ ಕಳೆಯುವಷ್ಟರಲ್ಲಿ ಆ ಧಾರೆ ನೂಲಿನಷ್ಟಾಯಿತು. ಒಂದು ಬೆಳಿಗ್ಗೆ ಆಚೆ ದಡದ ಲಲಿತಕ್ಕ ಮತ್ತು ಜೊತೆಯವರನ್ನು ಕರೆತರುವಾಗ ನಡುಹೊಳೆಯಲ್ಲಿ ಸುಟ್ಟ ವಾಸನೆ ಬಂತು. ಮೋಟರ್ ಬಂದ್ ಮಾಡಿದೆ. ದೋಣಿ ಬಂಡೆಯ ಕಡೆಗೆ ಸರಿಯತೊಡಗಿತು. ಬಿದಿರಿನ ಗಳ ಊರಿ ಹೇಗೋ ದಡ ಮುಟ್ಟಿಸಿದೆ. "ಬೇಜಾರು ಮಾಡ್ಬೇಡಿ ಜತ್ತಪ್ಪಣ್ಣ, ಇನ್ನು ನಾವು ಬಸ್ಸಲ್ಲೇ ಸುತ್ತಿ ಹೋಗುದು. ಅದ್ರಾಮಾಕ ಇದ್ದಾಗ ಬೇರೆ" ಎಂದರು ಲಲಿತಕ್ಕ. ನನಗೂ ಹಾಗೆಯೇ ಅನಿಸಿತ್ತು.

ತೂತಿಗೆ ತಂತಿ ಹಾಕಿ ನೋಡಿದೆ. ನೀರು ಒಳಗೆ ಹೋಗುವ ಜಾಲರಿಯಿಂದ ಕಸ ತೆಗೆದೆ. ಧಾರೆ ಹಾಗೇ ಇತ್ತು. ಮೋಟರಿನ ಕೆಳಗಿನ ಕಾಲು ಬಿಚ್ಚಿದರೆ, ನೀರು ಎತ್ತುವ ರಬ್ಬರ್ ಚಕ್ರದ ಎಸಳುಗಳು ಬಾಗಿ ಗಟ್ಟಿಯಾಗಿದ್ದವು. ಹೊಸ ಚಕ್ರ ಹಾಕಿ, ಮೀನು ಹಿಡಿಯಲು ಬಂದ ಹುಡುಗನೊಬ್ಬನ ಸಹಾಯದಿಂದ ಕಾಲು ಜೋಡಿಸಿದೆ. ಆಗಲೂ ನೂಲು! "ಇನ್ನೆಂತ ಉಂಟು, ಅದ್ರಾಮಾಕ?" ಎಂದು ಗಟ್ಟಿಯಾಗಿಯೇ ಕೇಳಿಬಿಟ್ಟೆ. ಮತ್ತೆ ಬಿಚ್ಚಿದೆ. ಚಕ್ರದ ಅಡಿಯ ಉಕ್ಕಿನ ತಗಡಿನ ಮೇಲೆ ಬೆರಳಾಡಿಸಿದಾಗ ಉಗುರು ಸಿಕ್ಕಿಕೊಂಡಿತು. ಹೊಳೆಯ ಮರಳು ಅದನ್ನು ಗೀರು ಗೀರಾಗಿ ತಿಂದಿತ್ತು. ಎತ್ತಿದ ನೀರು ಆ ಗೀರುಗಳಲ್ಲೇ ಹಿಂದಕ್ಕೆ ಜಾರುತ್ತಿತ್ತು. ನೀವಿದ್ದಿದ್ದರೆ...

ಧಕ್ಕೆಗೆ ಹೋಗಿ ಹೊಸ ತಗಡು ತಂದೆ. ಆದರೆ ಜೋಡಿಸುವುದು ಒಬ್ಬನ ಕೆಲಸವಲ್ಲ ಎಂದು ನಿಮಗೆ ಗೊತ್ತಲ್ಲ. ಆ ಭಾರದ ಕಾಲನ್ನು ನೀವು ಕೆಳಗಿನಿಂದ ಎತ್ತುತ್ತಿದ್ದಿರಿ, ನಾನು ನೀರಿನ ಕೊಳವೆಯನ್ನು ಅದರ ಬಾಯಿಗೆ ಕೂರಿಸುತ್ತಿದ್ದೆ. "ಸಿಕ್ಕಿತಾ?" "ಇನ್ನು ಸ್ವಲ್ಪ!" ಈ ಸಲ ಒಬ್ಬನೇ ಎತ್ತಲು ಹೋದೆ, ಕೈಜಾರಿ ಅದು ದಡಕ್ಕನೆ ಬಿತ್ತು. ಅಲ್ಲೇ ಕೂತುಬಿಟ್ಟೆ.

ಸದ್ದು ಕೇಳಿ ನಿಮ್ಮ ಹೆಂಡತಿ ಐಸಮ್ಮ ಮನೆಯಿಂದ ಇಳಿದು ಬಂದರು. ಚಿಕ್ಕಂದಿನಲ್ಲಿ ತಮ್ಮನನ್ನು ಹೊಳೆ ಕೊಂಡುಹೋದ ಮೇಲೆ ಅವರು ಕಡವಿಗೆ ಕಾಲಿಟ್ಟದ್ದನ್ನು ನಾನು ಕಂಡಿರಲಿಲ್ಲ. ನೀವು ಕಂಡಿದ್ದಿರಾ?

"ನಾನು ಎಂತ ಹಿಡೀಬೇಕು, ಹೇಳಿ."

"ಈ ಕೊಳವೆ. ಕೈಗೆ ಎಣ್ಣೆ ಆಗ್ತದೆ."

"ಆಗ್ಲಿ."

ಅವರು ಬಾಗಿ ಕೊಳವೆ ಹಿಡಿದರು. ನಾನು ಎತ್ತಿದೆ. ಕೂತಿತು. ನೀರು ತುಂಬಿದ ಡ್ರಮ್ಮಿನಲ್ಲಿ ಮೋಟರ್ ಇಳಿಸಿ ಚಾಲು ಮಾಡಿದರೆ, ಧಾರೆ ಚಿಮ್ಮಿ ಅವರ ಸೀರೆಯನ್ನೇ ಒದ್ದೆ ಮಾಡಿತು.

"ಸರಿಯಾಯ್ತು. ಆದ್ರೆ ಹತ್ತುವವರು ಯಾರು?" ಎಂದೆ.

ಐಸಮ್ಮ ಒದ್ದೆ ಸೆರಗು ಹಿಂಡುತ್ತ ಹೊಳೆಯ ಕಡೆ ತಿರುಗಿದರು. "ನಾಳೆ ನಾನು ಕೂತ್ಕೊಳ್ತೇನೆ. ನನ್ನನ್ನು ನೋಡಿದ್ರೆ ಅವರಿಗೂ ಧೈರ್ಯ ಬರ್ಲಿ."

ಮರುದಿನ ಆಚೆ ದಡ ಮುಟ್ಟುವವರೆಗೆ ಅವರು ಕಣ್ಣು ಬಿಡಲಿಲ್ಲ, ಅದ್ರಾಮಾಕ. ಎರಡೂ ಕೈಯಲ್ಲಿ ಹಲಗೆಯನ್ನು ಹಿಡಿದೇ ಇದ್ದರು. ಬಸ್ಸಿಗೆ ಹೊರಟಿದ್ದ ಲಲಿತಕ್ಕ ಐಸಮ್ಮನನ್ನು ಕಂಡು ನಿಂತರು. ಆಮೇಲೆ ದೋಣಿ ಹತ್ತಿ ಅವರ ಪಕ್ಕದಲ್ಲೇ ಕೂತರು.

ಮರಳಿ ಬರುವಾಗ ನಡುಹೊಳೆಯಲ್ಲಿ ಐಸಮ್ಮ ಕಣ್ಣು ಬಿಟ್ಟರು. ಎದುರಿಗೆ, ದಡದ ಎತ್ತರದ ದರೆಯ ಮೇಲೆ, ನಿಮ್ಮ ಮನೆ.

"ನಮ್ಮ ಮನೆ ಇಲ್ಲಿಂದ ಇಷ್ಟು ಚಂದ ಕಾಣ್ತದೆ ಅಂತ ಅವರು ಒಮ್ಮೆಯೂ ಹೇಳ್ಲಿಲ್ಲ ನೋಡಿ" ಎಂದರು.

ನಾನು ಮೋಟರಿನ ವೇಗ ತಗ್ಗಿಸಿದೆ. ನೋಡುವಷ್ಟು ನೋಡಲಿ ಎಂದು.