ಗೆಂಗ್ ಸಾಹೇಬರ ದನಿ

ನವೆಂಬರ್ 14, ಝೆಂಗ್‌ಝೌ, ಚೀನಾ

ಹೇಸಿಗೆಯಾಗುತ್ತಿದೆ. ಇವತ್ತಿನ ಸೈಬರ್ ಅಣಕು ಯುದ್ಧದಲ್ಲಿ ಶತ್ರು ಪಾತ್ರ ವಹಿಸಿದ್ದ ಕ್ಯಾಪ್ಟನ್ ಫೆಂಗ್, ನಮ್ಮ ಕರ್ನಲ್ ಗೆಂಗ್ ಅವರ ದನಿಯನ್ನೇ ಕಂಪ್ಯೂಟರಿನಲ್ಲಿ ನಕಲು ಮಾಡಿ ನಮ್ಮವರಿಗೆ ಫೋನು ಮಾಡಿದಳು: ‘ಎಲ್ಲಾ ಬಿಟ್ಟು ಊಟಕ್ಕೆ ನಡೀರಿ.’ ಇಡೀ ಕೋಣೆ ಎದ್ದು ಕ್ಯಾಂಟೀನಿಗೆ ಹೋಯಿತು. ಮೇಲಿನವರಿಗೆ ತಿರುಗಿ ಫೋನು ಮಾಡಿ ಕೇಳುವ ರೂಢಿ ನಮ್ಮಲ್ಲಿಲ್ಲ. ಬಾಯಲ್ಲಿ ಬನ್ನು ಇಟ್ಟುಕೊಂಡೇ ಸೋತೆವು.

‘ಅವಳದು ಮೋಸ ಕಣಯ್ಯಾ. ನಾವೇ ಗೆದ್ವಿ ಅಂತ ವರದಿ ಬರಿ,’ ಎಂದರು ಗೆಂಗ್.

‘ಶತ್ರು ಮೋಸ ಮಾಡಲ್ವಾ ಸರ್?’ ಎಂದ ಫೆಂಗ್‌ಳನ್ನು ಹೊರಗಟ್ಟಿದರು. ನಾನು ಗೆದ್ವಿ ಅಂತಲೇ ಬರೆದೆ.

ಈಗಷ್ಟೇ ಫೋನು ಬಂತು. ‘ಆ ವರದಿ ಬೇಡ, ನಡೆದದ್ದನ್ನೇ ಬರಿ.’ ಗೆಂಗ್ ಅವರದೇ ದನಿ. ಎದ್ದು ನಿಂತು ‘ಆಯ್ತು ಸರ್’ ಎಂದೆ. ನಿಜವಾಗಿ ಅವರೇನಾ ಎಂದು ನಾನೂ ಕೇಳಲಿಲ್ಲ. ನಿಜ ಬರೆಯುವುದಕ್ಕೂ ನನಗೆ ಅಪ್ಪಣೆಯೇ ಬೇಕಾಯಿತು. ಥೂ.